ಬೆಲೆ, ಬೆಳೆ, ಬೇಳೆ: ಗ್ರಂಥಾಲಯದ ಕ್ಯಾಟಲಾಗು ಕುರಿತು ಕುಲಪತಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ಗ್ರಂಥಪಾಲಕ ಬಂಧುಗಳಿಗೆ,

ನಮಸ್ಕಾರಗಳು.

ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ತಾಂತ್ರಿಕ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ತಾಂತ್ರಿಕ ವಿಭಾಗ ಓದುಗರ ಕಣ್ಣಿಗೆ ಬೀಳದ ಕೋಣೆ. ಕೊಂಡ ಪುಸ್ತಕ ಮೊದಲು ಅಲ್ಲಿಗೆ ಬರುತ್ತದೆ. ಅಕ್ಸೆಷನ್ ರಿಜಿಸ್ಟರಿನಲ್ಲಿ ನಂಬರು ಹಾಕಿ, ವಿಷಯ ನೋಡಿ ಪುಸ್ತಕ ಇಡುವ ಜಾಗ ಹೇಳುವ ಕಾಲ್ ನಂಬರ್ ಕೊಟ್ಟು, ಬರೆದವರು ಯಾರು, ಶೀರ್ಷಿಕೆ ಏನು, ಯಾವ ಊರಲ್ಲಿ ಯಾವ ವರ್ಷ ಅಚ್ಚಾಯಿತು ಎಂದೆಲ್ಲ ಗುರುತು ಮಾಡಿ, ಬೆನ್ನಿಗೆ ಚೀಟಿ ಅಂಟಿಸಿ ರ‍್ಯಾಕಿಗೆ ಕಳಿಸುತ್ತೇವೆ. ಈ ಗುರುತು ಮಾಡುವ ಕೆಲಸಕ್ಕೇ ಕ್ಯಾಟಲಾಗಿಂಗ್ ಎಂದು ಹೆಸರು. ಅದರ ಬಗ್ಗೆಯೇ ಈ ಪತ್ರ.

ಹೋದ ವರ್ಷ ಹಳೆಯ ಕೆಲಸದ ಜಾಗಕ್ಕೆ ಓದುಗಳಾಗಿ ಹೋಗಿದ್ದೆ. ಓದುಗರು ಕ್ಯಾಟಲಾಗು ಹುಡುಕುವ ಓಪ್ಯಾಕ್ ಕಂಪ್ಯೂಟರಿನ ಮುಂದೆ ಒಬ್ಬ ಸಂಶೋಧನ ವಿದ್ಯಾರ್ಥಿನಿ ಕೂತಿದ್ದಳು. ರೈತರ ಫಸಲಿಗೆ ಸಿಗುವ ಬೆಲೆಯ ಮೇಲೆ ಅವಳ ಪಿಎಚ್‌ಡಿ. ಫೋನಿನಲ್ಲಿ ಟೈಪಿಸುವ ಹಾಗೆ ಕನ್ನಡದಲ್ಲೇ 'ಬೆಲೆ' ಎಂದು ಟೈಪಿಸಿದಳು. ಒಂದು ಪುಸ್ತಕವೂ ಇಲ್ಲ ಎಂದು ಪರದೆ ಹೇಳಿತು. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬಿ, ಇ, ಎಲ್, ಇ ಎಂದು ಕೊಟ್ಟಳು. ಈಗ ಪುಟಗಟ್ಟಲೆ ಬಂತು. ಬೆಲೆಯೂ ಬಂತು, ಬೆಳೆಯೂ ಬಂತು, ಬೇಳೆಯೂ ಬಂತು. ಧಾನ್ಯಗಳ ಬೆಲೆ ನೀತಿ ಒಂದು ಸಾಲಿನಲ್ಲಿ, ಕಬ್ಬಿನ ಬೆಳೆಯ ರೋಗ ಮುಂದಿನ ಸಾಲಿನಲ್ಲಿ, ಬೇಳೆ ಕಾಳಿನ ಅಡುಗೆ ಅದರ ಮುಂದಿನದರಲ್ಲಿ. ಯಾವುದು ಯಾವುದೆಂದು ಹೆಸರಿನಿಂದ ತಿಳಿಯುವ ಹಾಗಿಲ್ಲ, ಎಲ್ಲವೂ ಒಂದೇ ನಾಲ್ಕು ಅಕ್ಷರ. ಅವಳು ಮೂರು ಪುಟ ನೋಡಿ ಎದ್ದಳು. "ಇದರ ಮೇಲೆ ನಮ್ಮ ಲೈಬ್ರರೀಲಿ ಕನ್ನಡದ ಪುಸ್ತಕ ಇಲ್ಲ ಅನ್ಸುತ್ತೆ ಮೇಡಂ, ಇಂಗ್ಲಿಷಿನವೇ ನೋಡ್ಕೋತೀನಿ" ಅಂದಳು.

ಇವೆ. ಎರಡನೇ ಮಹಡಿಯಲ್ಲಿ, ಗೋಡೆಗೆ ಹತ್ತಿದ ರ‍್ಯಾಕಿನಲ್ಲಿ, ಕಡೇ ಪಕ್ಷ ಹತ್ತು ಹನ್ನೆರಡು ಪುಸ್ತಕ ಇವೆ. ಕೆಲವಕ್ಕೆ ಕಾಲ್ ನಂಬರ್ ಕೊಟ್ಟವಳು ನಾನೇ. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವತ್ತು ನಾನಿದ್ದೆ. ನಾನಿಲ್ಲದ ದಿನ ಬಂದವರ ಕಥೆ ಏನು?

ಇದು ಹೇಗಾಯಿತು ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಆಗುವಾಗ ನಾನು ಆ ಕೋಣೆಯಲ್ಲೇ ಇದ್ದೆ. ಕಾರ್ಡುಗಳಲ್ಲಿದ್ದ ಕ್ಯಾಟಲಾಗನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಒಂದು ಪುಸ್ತಕಕ್ಕೆ ಇಷ್ಟು ರೂಪಾಯಿ ಎಂದು ಲೆಕ್ಕ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಮುಗಿಯಬೇಕು ಎಂದು ಮೇಲಿನಿಂದ ಒತ್ತಾಯ. ಬಂದ ಹುಡುಗರು ಒಳ್ಳೆಯವರೇ, ಬೆಳಿಗ್ಗೆಯಿಂದ ಸಂಜೆವರೆಗೆ ತಲೆ ಎತ್ತದೆ ಟೈಪಿಸುತ್ತಿದ್ದರು. ಆದರೆ ದಿನಕ್ಕೆ ಎಷ್ಟು ಪುಸ್ತಕ ಎಂಬುದರ ಮೇಲೆ ಕೂಲಿ ನಿಂತಿದ್ದಾಗ ಪುಸ್ತಕ ತೆರೆದು ನೋಡಲು ಯಾರಿಗೆ ಬಿಡುವಿರುತ್ತದೆ? ಕನ್ನಡ ಪುಸ್ತಕವನ್ನು ಎಡಗೈಯಲ್ಲಿ ಹಿಡಿದು, ಮುಖಪುಟದ ಹೆಸರನ್ನು ತೋಚಿದ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಕುಟ್ಟಿದರು. ಒಬ್ಬನ ಕೈಯಲ್ಲಿ ವಡ್ಡಾರಾಧನೆ 'ವಿ'ಯಿಂದ ಶುರುವಾಯಿತು, ಇನ್ನೊಬ್ಬನ ಕೈಯಲ್ಲಿ 'ಡಬ್ಲ್ಯು'ನಿಂದ. ಅವರ ಕೆಲಸವನ್ನು ತಾಳೆ ನೋಡಿ ಸಹಿ ಹಾಕಬೇಕಾದವರಲ್ಲಿ ನಾನೂ ಒಬ್ಬಳು. ದಿನಕ್ಕೆ ಮುನ್ನೂರು ದಾಖಲೆಗೆ ಸಹಿ ಹಾಕಿದ್ದೇನೆ. ಆ ಸಹಿಗಳ ಭಾರ ಇವತ್ತಿಗೂ ನನ್ನ ಮೇಲಿದೆ.

ಕನ್ನಡವನ್ನು ಇಂಗ್ಲಿಷ್ (ರೋಮನ್) ಅಕ್ಷರದಲ್ಲಿ ಬರೆಯುವ ಲಿಪ್ಯಂತರಕ್ಕೆ ಕ್ರಮವೇ ಇಲ್ಲ ಎಂದಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಪಟ್ಟಿ ಇದೆ. 2001ರಲ್ಲಿ ಬಂದ ಐಎಸ್‌ಒ 15919 ಎಂಬ ಅಂತಾರಾಷ್ಟ್ರೀಯ ಮಾನಕವೂ ಇದೆ. ಎರಡರಲ್ಲೂ ದೀರ್ಘ ಸ್ವರಕ್ಕೆ ಅಕ್ಷರದ ನೆತ್ತಿಯ ಮೇಲೊಂದು ಗೆರೆ, ಟ, ಡ, ಣ, ಳಗಳಿಗೆ ಕೆಳಗೊಂದು ಚುಕ್ಕೆ. ಆ ಗೆರೆ, ಚುಕ್ಕೆ ಇದ್ದಲ್ಲಿ ಬೆಲೆ ಬೆಲೆಯೇ, ಬೇಳೆ ಬೇಳೆಯೇ. ನಾವು ಗೆರೆಯನ್ನೂ ಬಿಟ್ಟೆವು, ಚುಕ್ಕೆಯನ್ನೂ ಬಿಟ್ಟೆವು. ಬಲೆ, ಬಳೆ, ಬಾಲೆ, ಬಾಳೆ ನಾಲ್ಕೂ ಹೋಗಿ ಒಂದೇ ಆದವು.

ಇಲ್ಲಿ ಒಂದು ಸಂಗತಿ ನೆನಪಾಗುತ್ತದೆ, ಹೇಳಲು ನನಗೆ ಸಂಕಟವೂ ಆಗುತ್ತದೆ. ಅಮೆರಿಕ ನಮಗೆ ಪಿಎಲ್ 480 ಎಂಬ ಕಾನೂನಿನಡಿ ಗೋಧಿ ಕೊಟ್ಟ ಕಾಲ ಹಿರಿಯರಿಗೆ ನೆನಪಿರಬಹುದು. ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಭಾಗದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟು, ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ಷಿಕಾಗೋ ಮೊದಲಾದ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕನ್ನಡದವೂ ಹೋದವು. ಗೆರೆ ಚುಕ್ಕೆಗಳೊಂದಿಗೆ ಅವುಗಳ ವಿವರ ಬರೆದು ಇಟ್ಟರು. ಹಾಗಾಗಿ ಧಾರವಾಡದಲ್ಲಿ ಅಚ್ಚಾದ ಪುಸ್ತಕ ಧಾರವಾಡದಿಂದ ನೂರು ಮೈಲಿ ದೂರದ ಗ್ರಂಥಾಲಯದಲ್ಲಿ ಸಿಗದೆ, ಅದರ ಸರಿಯಾದ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಷಿಕಾಗೋದ ಕ್ಯಾಟಲಾಗಿನಲ್ಲಿ ಸಿಗುತ್ತದೆ. ನಮ್ಮ ಸಂಶೋಧಕರು ಅಲ್ಲಿ ನೋಡಿ ಹೆಸರು ಬರೆದುಕೊಂಡು ಬಂದು ನಮ್ಮ ಕೌಂಟರಿನಲ್ಲಿ ಕೇಳುತ್ತಿದ್ದರು. ಅವರ ಕೈಯ ಚೀಟಿ ಹಿಡಿದು ನಾನು ನಮ್ಮದೇ ರ‍್ಯಾಕಿನಲ್ಲಿ ಹುಡುಕಿ ತೆಗೆದುಕೊಟ್ಟದ್ದುಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಂತೂ ತನ್ನಲ್ಲಿದ್ದ ಕನ್ನಡ, ಬಡಗ, ಕೊಡಗು ಪುಸ್ತಕಗಳ ಕ್ಯಾಟಲಾಗನ್ನು 1910ರಲ್ಲೇ ಅಚ್ಚು ಹಾಕಿಸಿತ್ತು.

ಆಗ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ ಎಂಬ ಸಮಜಾಯಿಷಿ ಇತ್ತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಕೆಲವರು ಹಠ ಹಿಡಿದು ಹಳೆಯ ಫಾಂಟುಗಳಲ್ಲಿ ಕನ್ನಡ ತುಂಬಿಸಿದರು, ಈಗ ಆ ಕಡತ ತೆರೆದರೆ ಟೋಪಿ, ಬಾಲ ಹತ್ತಿಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಇವತ್ತು ಆ ಸಮಜಾಯಿಷಿ ಉಳಿದಿಲ್ಲ. ಎಲ್ಲ ಲಿಪಿಗಳಿಗೂ ಕಂಪ್ಯೂಟರಿನಲ್ಲಿ ಜಾಗ ಕೊಡುವ ಯೂನಿಕೋಡ್ ಎಂಬ ಸಂಕೇತ ಪದ್ಧತಿಯ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಸಂಸ್ಥೆ ವಿಶ್ವವಿದ್ಯಾಲಯಗಳಿಗೆ ಕೊಡುವ ಸೋಲ್ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಕನ್ನಡ ಗೊತ್ತು. ಪುಕ್ಕಟೆ ಸಿಗುವ ಕೋಹಾಕ್ಕೂ ಗೊತ್ತು. ಪುಸ್ತಕದ ವಿವರವನ್ನು ನಂಬರು ಹಾಕಿದ ಮನೆಗಳಲ್ಲಿ, ಅಂದರೆ ಫೀಲ್ಡುಗಳಲ್ಲಿ, ತುಂಬುವ ಮಾರ್ಕ್ ಎಂಬ ದಾಖಲೆಯಲ್ಲಿ 880 ಎಂಬ ಫೀಲ್ಡ್ ಇರುವುದೇ ಒಂದೇ ಶೀರ್ಷಿಕೆಯನ್ನು ಎರಡು ಲಿಪಿಯಲ್ಲಿ ಜೋಡಿಸಿಡುವುದಕ್ಕೆ. ಅಂದರೆ ರೋಮನ್ ಬೇಕೆನ್ನುವವರಿಗೆ ರೋಮನ್, ಕನ್ನಡ ಬೇಕೆನ್ನುವವರಿಗೆ ಕನ್ನಡ, ಎರಡೂ ಒಂದೇ ದಾಖಲೆಯಲ್ಲಿ ಇರಬಹುದು. ಸಣ್ಣ ತೊಡಕುಗಳು ಇನ್ನೂ ಇವೆ, ಒಪ್ಪುತ್ತೇನೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರುತ್ತದೆ. ಹುಡುಕುವವರು ಅದನ್ನು ಒತ್ತದಿದ್ದರೆ ಕೆಲವು ಕಡೆ ಪುಸ್ತಕ ಸಿಗುವುದಿಲ್ಲ. ಇಂಥದ್ದನ್ನು ತಂತ್ರಾಂಶದವರಿಗೆ ಹೇಳಿ ಸರಿಮಾಡಿಸಬಹುದು. ಹೇಳುವವರು ಬೇಕು ಅಷ್ಟೇ.

ಲಿಪಿ ಒಂದು ಸರಿಯಾದರೆ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ನನ್ನ ಮುಖ್ಯ ಮಾತು ಬೇರೆ. ಕನ್ನಡ ಓದಬಲ್ಲ ಒಬ್ಬರು ಪ್ರತಿ ಪುಸ್ತಕವನ್ನೂ ತೆರೆದು ನೋಡಿ ಅದರ ವಿವರ ಬರೆಯಬೇಕು. ಮುಖಪುಟ ನೋಡಿ ಟೈಪಿಸುವುದಕ್ಕೂ ಇದಕ್ಕೂ ಇರುವ ಅಂತರ ಎಷ್ಟೆಂದು ಒಂದು ಪುಸ್ತಕದಿಂದ ತೋರಿಸುತ್ತೇನೆ.

ಜೈಮಿನಿ ಭಾರತದ ಒಂದು ಸಟೀಕ ಮುದ್ರಣ ನಮ್ಮಲ್ಲಿತ್ತು. ದಾನವಾಗಿ ಬಂದದ್ದು, ರಟ್ಟು ಕಿತ್ತುಹೋಗಿ ದಾರದಲ್ಲಿ ಕಟ್ಟಿಟ್ಟದ್ದು. ಕಂಪ್ಯೂಟರಿನ ದಾಖಲೆಯಲ್ಲಿ ವರ್ಷದ ಜಾಗ ಖಾಲಿ. ಹಾಗಾಗಿ ಯಾವಾಗ ಅಚ್ಚಾಯಿತೆಂದು ತಿಳಿಯದ ಹರಕು ಪುಸ್ತಕ ಎಂದು ಅದು ವಿಲೇವಾರಿಯ ಪಟ್ಟಿಗೆ ಸೇರಿತು. ನಾನು ದಾರ ಬಿಚ್ಚಿ ನೋಡಿದೆ. ಶೀರ್ಷಿಕೆ ಪುಟದ ಕೆಳತುದಿಯಲ್ಲಿ ಸಣ್ಣಕ್ಷರದಲ್ಲಿ 'ವಿಳಂಬಿ ಸಂವತ್ಸರ' ಎಂದಿತ್ತು. ಕ್ರಿಸ್ತ ವರ್ಷ ಇಲ್ಲ, ಶಕ ವರ್ಷವಿದ್ದ ಕಡೆ ಕಾಗದ ಹುಳು ತಿಂದು ತೂತಾಗಿದೆ. ಶಕ ವರ್ಷ ಸಿಕ್ಕಿದ್ದರೆ ಎಪ್ಪತ್ತೆಂಟು ಕೂಡಿಸಿದರೆ ಮುಗಿಯುತ್ತಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ವಿಳಂಬಿ 1898ರ ಯುಗಾದಿಗೆ ಬಂದಿತ್ತು, 1958ರಲ್ಲಿ ಬಂತು, 2018ರಲ್ಲಿ ಮತ್ತೆ ಬಂತು. ನಮ್ಮ ಪುಸ್ತಕ ಯಾವ ವಿಳಂಬಿಯದು? ಹಿಂದಿನ ರಟ್ಟಿನ ಒಳಮೈ ನೋಡಿದೆ. 'ಕ್ರಯ 1 ರೂಪಾಯಿ 4 ಆಣೆ' ಎಂದಿತ್ತು. 1957ರ ಏಪ್ರಿಲ್‌ನಿಂದ ನಯಾಪೈಸೆ ಚಾಲ್ತಿಗೆ ಬಂದಿದೆ, 1958ರ ಪುಸ್ತಕವಾದರೆ ನಯಾಪೈಸೆಯ ಮಾತಿರಬೇಕಿತ್ತು. ಕಾಗದದ ಬಣ್ಣ, ಅಚ್ಚಿನ ಮೊಳೆಯ ವರಸೆ, 'ಧರ್ಮ್ಮ' ಎಂಬ ಹಾಗೆ ರಕಾರದ ಮುಂದಿನ ವ್ಯಂಜನವನ್ನು ಎರಡೆರಡು ಸಲ ಬರೆಯುವ ಹಳೆಯ ರೂಢಿ, ಎಲ್ಲ ಒಂದೇ ದಿಕ್ಕು ತೋರಿಸಿದವು. 1898ರ ಪುಸ್ತಕ ಅದು. ಇಷ್ಟಕ್ಕೆ ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಒಂದು ಶತಮಾನಕ್ಕೂ ಮೀರಿದ ಪುಸ್ತಕ ರದ್ದಿಯ ಚೀಲದಿಂದ ಹೊರಬಂತು. ಯಾರೂ ದಾರ ಬಿಚ್ಚದೆ ಹೋದ ಪುಸ್ತಕಗಳನ್ನು ನೆನೆದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಹೋದ ಕಾರ್ಡುಗಳೂ ನೆನಪಾಗುತ್ತವೆ. ನನಗಿಂತ ಹಿಂದಿನ ತಲೆಮಾರಿನ ಹಿರಿಯರು ಕನ್ನಡ ಕಾರ್ಡುಗಳನ್ನು ದುಂಡಗಿನ ಕೈಬರಹದಲ್ಲಿ ಬರೆದಿದ್ದರು. ಕಾರ್ಡಿನ ಕೆಳಗೆ ಒಂದೊಂದು ಟಿಪ್ಪಣಿ. 'ಕೊನೆಯಲ್ಲಿ ಸೀಮೆಯ ಊರುಗಳ ಹೆಸರಿನ ಪಟ್ಟಿ ಇದೆ', 'ಎರಡನೆಯ ಭಾಗ ಅಚ್ಚಾಗಲಿಲ್ಲ', 'ಇದೇ ಕರ್ತೃವಿನ ಇನ್ನೊಂದು ಪುಸ್ತಕದೊಡನೆ ಕೂಡಿಸಿ ಬೈಂಡ್ ಮಾಡಿದೆ'. ಕಂಪ್ಯೂಟರಿಗೆ ಏರಿಸುವಾಗ ಟಿಪ್ಪಣಿ ಬಿಟ್ಟುಬಿಡಿ ಎಂದರು, ಅದಕ್ಕೆ ಗುತ್ತಿಗೆಯಲ್ಲಿ ದುಡ್ಡಿರಲಿಲ್ಲ. ಕೂಡಿಸಿ ಬೈಂಡ್ ಮಾಡಿದ್ದ ಎರಡನೆಯ ಪುಸ್ತಕಗಳು ಅವತ್ತಿನಿಂದ ನಮ್ಮ ಗ್ರಂಥಾಲಯದಲ್ಲಿ ಇಲ್ಲವಾದವು. ರಟ್ಟಿನೊಳಗೆ ಇವೆ, ಕ್ಯಾಟಲಾಗಿನಲ್ಲಿಲ್ಲ. ತೇಗದ ಮರದ ಕ್ಯಾಬಿನೆಟ್ಟುಗಳನ್ನು ಕಾರ್ಡುಗಳ ಸಮೇತ ಗುಜರಿಗೆ ಹಾಕಿದ ದಿನ ನಾನು ರಜೆ ಹಾಕಿದ್ದೆ. ನೋಡುವ ಶಕ್ತಿ ಇರಲಿಲ್ಲ.

ಹೆಸರುಗಳ ವಿಷಯಕ್ಕೆ ಬರುತ್ತೇನೆ. ತಂತ್ರಾಂಶ 'ಕೊನೆಯ ಹೆಸರು ಮೊದಲು ಬರೆ' ಎನ್ನುತ್ತದೆ. ಅದು ಬೇರೆ ದೇಶದ ಹೆಸರುಗಳಿಗೆ ಹೊಲಿದ ಅಂಗಿ. ಮಾಸ್ತಿ ವೆಂಕಟೇಶ ಅಯ್ಯಂಗಾರರು 'ಅಯ್ಯಂಗಾರ್' ಅಡಿಯಲ್ಲಿ ಸೇರುತ್ತಾರೆ, ಅ.ನ. ಕೃಷ್ಣರಾಯರು 'ರಾವ್' ಅಡಿಯಲ್ಲಿ. ಮಾಸ್ತಿಯವರನ್ನು ಅಯ್ಯಂಗಾರ್ ಎಂದು, ಅನಕೃ ಅವರನ್ನು ರಾವ್ ಎಂದು ಯಾವ ಕನ್ನಡಿಗ ಹುಡುಕುತ್ತಾನೆ? ಹಳೆ ಮೈಸೂರಿನ ಕಡೆ ಹೆಸರಿನ ಮುಂದೆ ಊರು, ತಂದೆ ಬರುತ್ತಾರೆ, ಕೊನೆಯದೇ ಸ್ವಂತ ಹೆಸರು. ಧಾರವಾಡದ ಕಡೆ ಸ್ವಂತ ಹೆಸರು, ತಂದೆ, ಕೊನೆಗೆ ಅಡ್ಡಹೆಸರು. ಎರಡಕ್ಕೂ ಒಂದೇ ನಿಯಮ ಹಾಕಿದರೆ ಒಂದು ಸೀಮೆಯವರಿಗೆ ಅನ್ಯಾಯ ಖಂಡಿತ. ಕಾವ್ಯನಾಮಗಳು ಬೇರೆ. ಬೇಂದ್ರೆಯವರು ಒಂದು ಕಡೆ, ಅಂಬಿಕಾತನಯದತ್ತರು ಇನ್ನೊಂದು ಕಡೆ, ನಡುವೆ ಸೇತುವೆ ಇಲ್ಲ. ಕುವೆಂಪು ಅವರ ಪುಸ್ತಕಗಳು ಕುವೆಂಪು, ಕೆ.ವಿ. ಪುಟ್ಟಪ್ಪ, ಡಾ. ಕುವೆಂಪು, ರಾಷ್ಟ್ರಕವಿ ಕುವೆಂಪು ಎಂದು ನಾಲ್ಕು ಮನೆ ಮಾಡಿಕೊಂಡಿದ್ದನ್ನು ಕಂಡಿದ್ದೇನೆ. ಲೇಖಕರ ಪಟ್ಟಿಯನ್ನು ಅಕಾರಾದಿಯಾಗಿ ತೆಗೆದರೆ 'ಡಾ.' ಎಂಬ ಹೆಸರಿನ ಲೇಖಕರು ನೂರಾರು, 'ಶ್ರೀಮತಿ' ಎಂಬ ಲೇಖಕಿಯರು ಅವರ ಹಿಂದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು, ಇಬ್ಬರನ್ನು ಒಬ್ಬರನ್ನಾಗಿ ಮಾಡುವುದು. ಛಂದೋಂಬುಧಿಯ ನಾಗವರ್ಮ ಬೇರೆ, ಅವನ ನಂತರ ಬಂದ ಕಾವ್ಯಾವಲೋಕನದ ನಾಗವರ್ಮ ಬೇರೆ. ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ ತಂದದ್ದು 1907ರಲ್ಲಿ. ಯಾವ ಕವಿ ಯಾರು, ಯಾವ ಕಾಲ, ಯಾವ ಕೃತಿ ಎಂದು ಬಿಡಿಸಿಡುವುದಕ್ಕೆ ಅವರು ಆಯುಷ್ಯ ಸವೆಸಿದರು. ನಮ್ಮ ಕ್ಯಾಟಲಾಗಿನಲ್ಲಿ ನಾಗವರ್ಮ ಇವತ್ತಿಗೂ ಒಬ್ಬನೇ.

ಅಭಿನಂದನ ಗ್ರಂಥಗಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ವ್ಯಥೆ. ಕನ್ನಡದ ಒಳ್ಳೊಳ್ಳೆಯ ಸಂಶೋಧನ ಲೇಖನಗಳು ಎಲ್ಲಿವೆ ಎಂದು ಕನ್ನಡ ಎಂಎ ಪಾಠ ಮಾಡುವ ಯಾರನ್ನಾದರೂ ಕೇಳಿ. ಪತ್ರಿಕೆಗಳಲ್ಲಿ ಎಷ್ಟಿವೆಯೋ ಅಷ್ಟೇ ಅಭಿನಂದನ ಗ್ರಂಥ, ಸಂಸ್ಮರಣ ಗ್ರಂಥಗಳಲ್ಲಿವೆ. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅರ್ಪಿಸಿದ 'ಸಂಭಾವನೆ'ಯಿಂದ ಹಿಡಿದು ಇವತ್ತಿನವರೆಗೆ ಈ ಪದ್ಧತಿ ನಡೆದಿದೆ. ಮೇಷ್ಟ್ರಿಗೆ ಅರವತ್ತು ತುಂಬಿತೆಂದರೆ ಶಿಷ್ಯರು, ಸಹೋದ್ಯೋಗಿಗಳು ತಮ್ಮ ಕೈಲಾದ ಉತ್ತಮ ಲೇಖನವನ್ನು ಅದಕ್ಕಾಗಿಯೇ ಬರೆದುಕೊಡುತ್ತಿದ್ದರು. ಶಾಸನದ ಮೇಲೊಂದು, ಛಂದಸ್ಸಿನ ಮೇಲೊಂದು, ಬಯಲಾಟದ ಮೇಲೊಂದು, ಊರ ಹೆಸರುಗಳ ಮೇಲೊಂದು. ಹೆಸರೋ, ಒಂದೇ ಒಂದು ಸುಂದರವಾದ ಪದ. ಆ ಪದದಿಂದ ಒಳಗೇನಿದೆ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಕ್ಯಾಟಲಾಗಿನಲ್ಲಿ ಆ ಒಂದು ಪದ, ಸಂಪಾದಕರ ಹೆಸರು, ಪುಟಗಳ ಸಂಖ್ಯೆ. ಅಲ್ಲಿಗೆ ಮುಗಿಯಿತು. ಎಂಟುನೂರು ಪುಟದೊಳಗಿನ ಐವತ್ತು ಲೇಖಕರು, ಐವತ್ತು ವಿಷಯಗಳು ಅದರೊಳಗೇ ಸಮಾಧಿ.

ಮಾರ್ಕ್ ದಾಖಲೆಯಲ್ಲಿ 505 ಎಂಬ ಫೀಲ್ಡ್ ಇದೆ, ಪರಿವಿಡಿ ಬರೆಯಲಿಕ್ಕೆಂದೇ ಇರುವಂಥದು. ನನ್ನ ಕೊನೆಯ ಎರಡು ವರ್ಷ ಬಿಡುವಿದ್ದ ದಿನ ಮಧ್ಯಾಹ್ನ ಊಟವಾದ ಮೇಲೆ ಒಂದೊಂದು ಅಭಿನಂದನ ಗ್ರಂಥ ತೆಗೆದುಕೊಂಡು ಪರಿವಿಡಿಯನ್ನು ಕನ್ನಡದಲ್ಲಿ ಆ ಫೀಲ್ಡಿಗೆ ಟೈಪಿಸಿದೆ. ಇನ್ನೂರು ಗ್ರಂಥದಷ್ಟು ಆಯಿತು. ಆಮೇಲೆ ನಡೆದದ್ದನ್ನು ಹೇಳಬೇಕು. ಸೋಬಾನೆ ಪದಗಳ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಉಪನ್ಯಾಸಕರು ಓಪ್ಯಾಕ್‌ನಲ್ಲಿ 'ಸೋಬಾನೆ' ಎಂದು ಹುಡುಕಿ, ಶಾಸನತಜ್ಞರೊಬ್ಬರ ಅಭಿನಂದನ ಗ್ರಂಥವನ್ನು ಎರವಲು ಕೇಳಿದರು. ಕೌಂಟರಿನ ಹುಡುಗ ತಪ್ಪಾಗಿ ಕೇಳುತ್ತಿದ್ದಾರೆಂದು ನನ್ನ ಹತ್ತಿರ ಕಳಿಸಿದ. ತಪ್ಪಲ್ಲ, ಅದರಲ್ಲಿ ಸೋಬಾನೆ ಮೇಲೆ ಹದಿನಾಲ್ಕು ಪುಟದ ಲೇಖನವಿತ್ತು. ಆ ಪುಸ್ತಕದ ಡ್ಯೂ ಡೇಟ್ ಚೀಟಿಯಲ್ಲಿ ಹಿಂದಿನ ಹತ್ತೊಂಬತ್ತು ವರ್ಷ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ವಿಷಯದ ಪದಗಳೂ ಹೀಗೆಯೇ. ನಾವು ವಿಷಯ ಶೀರ್ಷಿಕೆ ಕೊಡುವುದು ಅಮೆರಿಕದ ಪಟ್ಟಿ ನೋಡಿ ಇಂಗ್ಲಿಷಿನಲ್ಲಿ. ಸೋಬಾನೆ, ಲಾವಣಿ, ಗೀಗೀ ಪದ, ಬೀಸುಕಲ್ಲಿನ ಪದ, ಡೊಳ್ಳಿನ ಹಾಡು, ಎಲ್ಲಕ್ಕೂ 'ಕನ್ನಡ ಜನಪದ ಗೀತೆ' ಎಂಬ ಅರ್ಥದ ಒಂದೇ ಇಂಗ್ಲಿಷ್ ಶೀರ್ಷಿಕೆ. ಬೀಸುತ್ತ ಹಾಡುವುದು ಬೇರೆ, ಆರತಿ ಎತ್ತುತ್ತ ಹಾಡುವುದು ಬೇರೆ, ದಪ್ಪು ಹಿಡಿದು ಸಭೆಯ ಮುಂದೆ ಸವಾಲು ಹಾಕುವುದು ಬೇರೆ ಎಂದು ಹಾಡುವ ಜನಕ್ಕೆ ಗೊತ್ತಿದೆ, ಓದುವವರಿಗೂ ಗೊತ್ತಿದೆ. ಕ್ಯಾಟಲಾಗಿಗೆ ಮಾತ್ರ ಗೊತ್ತಿಲ್ಲ. ದಲಿತ ಚಳವಳಿಯ ಎಪ್ಪತ್ತರ ದಶಕದ ಕಿರುಹೊತ್ತಿಗೆಗಳಿಗೆ ಅಷ್ಟು ಶೀರ್ಷಿಕೆಯೂ ಸಿಗಲಿಲ್ಲ. ಮೂವತ್ತೆರಡು ಪುಟ, ಪಿನ್ ಹೊಡೆದ ಪುಸ್ತಕ, ಬೆನ್ನಿಗೆ ಚೀಟಿ ಅಂಟುವುದಿಲ್ಲ ಎಂಬ ಕಾರಣಕ್ಕೆ ಅವನ್ನು ಕಟ್ಟು ಕಟ್ಟಿ 'ಕಿರುಹೊತ್ತಿಗೆ, ಇತರೆ' ಎಂದು ಬರೆದು ಕಪಾಟಿನ ಮೇಲಿಟ್ಟದ್ದನ್ನು ನಾನೇ ನೋಡಿದ್ದೇನೆ. ಒಂದು ಕಾಲದ ಚರಿತ್ರೆ ಬರೆಯಲು ಬರುವವರು ಮೊದಲು ಕೇಳುವುದು ಆ ಕಟ್ಟನ್ನೇ.

ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1876ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪದ್ಧತಿ, ಕನ್ನಡ ಸಾಹಿತ್ಯಕ್ಕೆ 894.814 ಎಂಬ ನಂಬರು ಕೊಟ್ಟು ತುರ್ಕಿ, ಹಂಗೇರಿ, ಫಿನ್‌ಲೆಂಡಿನ ಸಾಹಿತ್ಯಗಳ ಜೊತೆ 894ರೊಳಗೆ ಕೂರಿಸಿದೆ. ನಾಡಿನ ಭಾಷೆಗೆ ಬೇಕಾದರೆ 810ರ ಚಿಕ್ಕ ನಂಬರು ಬಳಸಿಕೊಳ್ಳಬಹುದು ಎಂಬ ಅವಕಾಶವನ್ನೂ ಅದೇ ಪದ್ಧತಿ ಕೊಟ್ಟಿದೆ. ವಚನಗಳನ್ನು ಒಬ್ಬರು ಸಾಹಿತ್ಯವೆಂದು 894ಕ್ಕೆ, ಇನ್ನೊಬ್ಬರು ಧರ್ಮವೆಂದು 294ಕ್ಕೆ ಹಾಕುತ್ತಾರೆ. ಎರಡು ಮಹಡಿ ಓಡಾಡುವುದು ಓದುಗನ ಪಾಡು. ಒಂದು ಗ್ರಂಥಾಲಯ ಒಂದು ತೀರ್ಮಾನ ಮಾಡಿ ಬರೆದಿಟ್ಟುಕೊಂಡರೆ ಸಾಕು. ಕನ್ನಡ ಲಿಪಿಯಲ್ಲಿರುವುದೆಲ್ಲ ಕನ್ನಡ ಎಂದು ದಾಖಲಿಸುವುದನ್ನಂತೂ ಇವತ್ತೇ ನಿಲ್ಲಿಸಬೇಕು. ತುಳು, ಕೊಡವ, ಬ್ಯಾರಿ, ಕೊಂಕಣಿ ಪುಸ್ತಕಗಳೂ ಕನ್ನಡ ಲಿಪಿಯಲ್ಲಿ ಬರುತ್ತವೆ. ಸಂಸ್ಕೃತದ ಸ್ತೋತ್ರ, ಶಾಸ್ತ್ರಗಳೂ ಬರುತ್ತವೆ. ತುಳು ಪುಸ್ತಕ ಹುಡುಕುವವರಿಗೆ ಅವುಗಳ ಭಾಷೆ ತುಳು ಎಂದೇ ಕಾಣಬೇಕು.

ಈ ಕೆಲಸ ನಮಗೆ ಬರುವುದಿಲ್ಲವೇ? ಬರುತ್ತದೆ, ಅದಕ್ಕೇ ನನಗೆ ಈ ಸಂಕಟ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳನ್ನು ತೆರೆದು ನೋಡಿ. ಓಲೆಗರಿ ಎಷ್ಟು ಉದ್ದ, ಎಷ್ಟು ಅಗಲ, ಗರಿಗಳೆಷ್ಟು, ಪುಟಕ್ಕೆ ಸಾಲೆಷ್ಟು, ಕೃತಿಯ ಆದಿ ಹೇಗೆ, ಅಂತ್ಯ ಹೇಗೆ, ಯಾರು ಯಾರಿಗಾಗಿ ಪ್ರತಿ ಮಾಡಿದರು, ಎಲ್ಲ ಇರುತ್ತದೆ. ಒಂದೇ ಕಟ್ಟಿನಲ್ಲಿ ಆರು ಕೃತಿ ಇದ್ದರೆ ಆರನ್ನೂ ಬೇರೆ ಬೇರೆ ಎತ್ತಿ ಹೇಳುತ್ತಾರೆ. ಬೆನ್ನು, ಸೊಂಟ, ಕತ್ತು ನೋಯಿಸಿಕೊಂಡು ಬರೆದಿದ್ದೇನೆ, ಜೋಪಾನವಾಗಿ ಕಾಪಾಡಿ ಎಂದು ಲಿಪಿಕಾರ ಕೊನೆಯಲ್ಲಿ ಬೇಡಿಕೊಂಡಿದ್ದರೆ ಅದನ್ನೂ ಬಿಡದೆ ದಾಖಲಿಸುತ್ತಾರೆ. ಓಲೆಗರಿಗೆ ಸಿಕ್ಕ ಈ ಮರ್ಯಾದೆಯಲ್ಲಿ ಕಾಲುಭಾಗ ಅಚ್ಚಿನ ಪುಸ್ತಕಕ್ಕೆ ಸಿಕ್ಕಿದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮೈಸೂರಿನಲ್ಲಿ 1891ರಲ್ಲಿ ಶುರುವಾದ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ಓಲೆಗರಿಯ ಕಟ್ಟನ್ನು ಅಲ್ಲಿನ ಗ್ರಂಥಾಲಯದ ಕೆಲಸದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಕೂತು ಓದಿದ್ದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಯಿತು. ಗ್ರಂಥಾಲಯ ವಿಜ್ಞಾನವನ್ನು ಕಟ್ಟಿಕೊಟ್ಟ ಎಸ್.ಆರ್. ರಂಗನಾಥನ್ ಬಾಳಿನ ಕೊನೆಯ ಹದಿನೈದು ವರ್ಷ ಕಳೆದದ್ದು ಬೆಂಗಳೂರಿನಲ್ಲಿ, ಅಲ್ಲಿಯೇ 1972ರಲ್ಲಿ ತೀರಿಕೊಂಡರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು ಎಂದು 1931ರಲ್ಲೇ ಸೂತ್ರವಾಗಿ ಬರೆದವರು ಅವರು. ನಾವು ಅವರ ಊರಿನವರು.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಇನ್ನು ಮೇಲೆ ಕೊಳ್ಳುವ ಒಂದೊಂದು ಕನ್ನಡ ಪುಸ್ತಕದ ದಾಖಲೆಯೂ ಕನ್ನಡ ಲಿಪಿಯಲ್ಲಿ ಇರಲಿ, ರೋಮನ್ ಬೇಕಿದ್ದರೆ ಗೆರೆ ಚುಕ್ಕೆಗಳ ಜೊತೆ ಇರಲಿ. ಇದಕ್ಕೆ ಒಂದು ಸುತ್ತೋಲೆ ಸಾಕು, ಹಣ ಬೇಡ. ತಾಂತ್ರಿಕ ವಿಭಾಗದಲ್ಲಿ ನಿವೃತ್ತರಾದವರ ಜಾಗಗಳನ್ನು ಖಾಲಿ ಬಿಡಬೇಡಿ. ಗ್ರಂಥಾಲಯ ವಿಜ್ಞಾನದ ಜೊತೆಗೆ ಕನ್ನಡವನ್ನು ಆಳವಾಗಿ ಓದಿದ ಒಬ್ಬರಾದರೂ ಅಲ್ಲಿರಲಿ. ಪುಸ್ತಕಕ್ಕಿಷ್ಟು ಎಂದು ಗುತ್ತಿಗೆ ಕೊಡುವುದನ್ನು ದಯವಿಟ್ಟು ಬಿಡಿ, ಅದು ಮಣ್ಣು ಹೊರುವ ಕೆಲಸಕ್ಕೆ ಸರಿಯಾದ ಲೆಕ್ಕ. ಗ್ರಂಥಾಲಯ ವಿಜ್ಞಾನ ಕಲಿಸುವ ವಿಭಾಗಗಳು ಕ್ಯಾಟಲಾಗಿಂಗ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕನ್ನಡದ ಶೀರ್ಷಿಕೆ ಪುಟಗಳನ್ನೂ ಕೊಡಲಿ. ನಾನು ಕಲಿಯುವಾಗ ಕೊಟ್ಟದ್ದೆಲ್ಲ ಇಂಗ್ಲಿಷಿನವು, ಸಂವತ್ಸರ ಲೆಕ್ಕ ಹಾಕುವುದನ್ನು ನಾನು ಕಲಿತದ್ದು ನಮ್ಮಜ್ಜಿಯಿಂದ. ಹಳೆಯ ದಾಖಲೆಗಳನ್ನು ತಿದ್ದುವ ಕೆಲಸ ದೊಡ್ಡದು, ಎಲ್ಲವನ್ನೂ ಒಟ್ಟಿಗೆ ಮಾಡಲಾಗದು. 1960ಕ್ಕೆ ಹಿಂದಿನ ಪುಸ್ತಕಗಳಿಂದ ಶುರು ಮಾಡಿ, ಅವುಗಳ ಕಾಗದ ನಮಗಾಗಿ ಕಾಯುವುದಿಲ್ಲ. ಎಲ್ಲಿಯಾದರೂ ಕಾರ್ಡ್ ಕ್ಯಾಬಿನೆಟ್ಟು ಉಳಿದಿದ್ದರೆ ಕೈ ಮುಗಿದು ಕೇಳುತ್ತೇನೆ, ಮಾರಬೇಡಿ.

ಒಂದೊಂದು ವಿಶ್ವವಿದ್ಯಾಲಯವೂ ಅದದೇ ಪುಸ್ತಕಕ್ಕೆ ಬೇರೆ ಬೇರೆ ದಾಖಲೆ ಬರೆಯುತ್ತಿದೆ. ಹಿಂದೆ ಹಳ್ಳಿಗಳಲ್ಲಿ ಒಬ್ಬರ ಮನೆಯ ಹೆಪ್ಪು ಕೇರಿಗೆಲ್ಲ ಆಗುತ್ತಿತ್ತು. ಒಂದು ಕಡೆ ಸರಿಯಾಗಿ ಮಾಡಿದ ದಾಖಲೆಯನ್ನು ಉಳಿದವರು ತೆಗೆದುಕೊಂಡರೆ ಕೆಲಸ ಹತ್ತರಲ್ಲಿ ಒಂದಾಗುತ್ತದೆ. ಕನ್ನಡ ಲೇಖಕರ ಹೆಸರುಗಳಿಗೆ ಒಂದು ಪ್ರಮಾಣ ಪಟ್ಟಿ ಬೇಕು. ಕಾವ್ಯನಾಮ, ನಿಜನಾಮ, ಜನನ ವರ್ಷ, ಊರು, ರೋಮನ್ ರೂಪ ಎಲ್ಲ ಇರುವ, ಎಲ್ಲರೂ ಬಳಸಬಹುದಾದ ಪಟ್ಟಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮುಂದೆ ನಿಂತರೆ ಉಳಿದವರು ಹಿಂದೆ ಬರುತ್ತಾರೆ ಎಂಬ ನಂಬಿಕೆ ನನಗಿದೆ. ಓದುಗರ ಸಹಾಯವನ್ನೂ ಪಡೆಯಿರಿ. ಕೌಂಟರಿನಲ್ಲಿ ಒಂದು ಪುಸ್ತಕ ಇಡಿ, ಕ್ಯಾಟಲಾಗಿನಲ್ಲಿ ತಪ್ಪು ಕಂಡವರು ಬರೆದು ಹೋಗಲಿ, ವಾರಕ್ಕೊಮ್ಮೆ ಯಾರಾದರೂ ಅದನ್ನು ನೋಡಿ ತಿದ್ದಲಿ.

ನಾನು ಬರೀ ಪತ್ರ ಬರೆದು ಕೂರುವವಳಲ್ಲ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಇನ್ನೂ ಮೂವರು ಇದ್ದಾರೆ, ನಾಲ್ವರ ಕಣ್ಣೂ ಇನ್ನೂ ಚೆನ್ನಾಗಿವೆ. ನಿಮ್ಮ ಯಾವುದೇ ಗ್ರಂಥಾಲಯ ಕರೆದರೆ ವಾರಕ್ಕೆ ಎರಡು ದಿನ ಬಂದು, ಹೊಸಬರ ಪಕ್ಕದಲ್ಲಿ ಕೂತು, ಕಟ್ಟಿಟ್ಟ ಹಳೆಯ ಪುಸ್ತಕಗಳ ದಾರ ಬಿಚ್ಚಿ ಒಂದೊಂದನ್ನೇ ತೋರಿಸಿಕೊಡಲು ಸಿದ್ಧರಿದ್ದೇವೆ. ಸಂಬಳ ಬೇಡ. ಒಂದು ಮೇಜು, ಒಳ್ಳೆಯ ಬೆಳಕು, ಕನ್ನಡ ಟೈಪಿಸಲು ಬರುವ ಒಂದು ಕಂಪ್ಯೂಟರ್ ಇದ್ದರೆ ಸಾಕು. ಮೊದಲ ದಿನಕ್ಕೆ 'ಕಿರುಹೊತ್ತಿಗೆ, ಇತರೆ' ಎಂದು ಬರೆದ ಆ ಕಟ್ಟನ್ನು ಕಪಾಟಿನ ಮೇಲಿಂದ ಇಳಿಸಿಟ್ಟಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಾಯಕ ಗ್ರಂಥಪಾಲಕಿ